ಸರ್ವರ್ ಹಾರ್ಡ್‌ವೇರ್ ದೋಷ ಮೊದಲೇ ತಿಳಿಯಬೇಕಾದರೆ ಏನೇನು ಹಾಕಬೇಕು: ಹಂತ ಹಂತವಾಗಿ

"ಸರ್ವರ್ ರಾತ್ರಿ ತಾನಾಗಿಯೇ ರೀಸ್ಟಾರ್ಟ್ ಆಗಿದೆ. ಲಾಗ್‌ನಲ್ಲಿ ಏನೂ ಇಲ್ಲ. ಏನಾಗಿರಬಹುದು?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಇರುತ್ತದೆ: "ಮುಂದಿನ ಸಲ ಮೊದಲೇ ಗೊತ್ತಾಗಬೇಕು ಅಂದ್ರೆ ಯಾವ ಸಾಫ್ಟ್‌ವೇರ್ ಹಾಕಬೇಕು?"

ಲಾಗ್‌ನಲ್ಲಿ ಏನೂ ಇಲ್ಲ ಅನ್ನುವುದು ಬಹಳ ಸಲ ನಿಜವಲ್ಲ. ನೀವು ನೋಡಿದ ಲಾಗ್‌ನಲ್ಲಿ ಇಲ್ಲ, ಅಷ್ಟೇ. ಸರ್ವರ್ ತನ್ನ ದೋಷಗಳನ್ನು ಒಂದೇ ಕಡೆ ಬರೆದಿಡುವುದಿಲ್ಲ. ಮದರ್‌ಬೋರ್ಡ್ ಮೇಲಿನ ಚಿಪ್ ಒಂದು ಕಡೆ ಬರೆಯುತ್ತದೆ, ಕರ್ನೆಲ್ (ಲಿನಕ್ಸ್‌ನ ತಿರುಳು) ಇನ್ನೊಂದು ಕಡೆ, ಡಿಸ್ಕ್ ತನ್ನೊಳಗೇ ಮತ್ತೊಂದು ಕಡೆ. ಈ ಮೂರೂ ಕಡೆಯಿಂದ ಸುದ್ದಿ ತಂದು ನಿಮ್ಮ ಕಣ್ಣಿಗೆ ಬೀಳುವ ಹಾಗೆ ಮಾಡುವುದೇ ಇಲ್ಲಿನ ಕೆಲಸ. ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಕಿಲ್ಲ. ಬೇಕಾದದ್ದೆಲ್ಲ ಉಚಿತವಾಗಿ, ಹೆಚ್ಚಿನ ಲಿನಕ್ಸ್ ವಿತರಣೆಗಳ ಪ್ಯಾಕೇಜ್ ಪಟ್ಟಿಯಲ್ಲೇ ಸಿಗುತ್ತದೆ.

ಶುರು ಮಾಡುವ ಮೊದಲು

ಇದು ನಿಜವಾದ ಸರ್ವರ್ ಯಂತ್ರದ ಮೇಲೆ ಲಿನಕ್ಸ್ ಓಡಿಸುವವರಿಗೆ. ನಿಮ್ಮದು ವರ್ಚುವಲ್ ಮೆಷಿನ್ ಆದರೆ ಒಳಗಿನಿಂದ ಹಾರ್ಡ್‌ವೇರ್ ಕಾಣುವುದಿಲ್ಲ. ಈ ಕೆಲಸವನ್ನು ಕೆಳಗಿನ ಹೋಸ್ಟ್ ಯಂತ್ರದಲ್ಲಿ ಮಾಡಬೇಕು.

ಬೇಕಾದದ್ದು ಇಷ್ಟು: ರೂಟ್ ಅನುಮತಿ, ಬಿಎಂಸಿಯ (ಮದರ್‌ಬೋರ್ಡ್ ಮೇಲಿನ ಆ ಚಿಪ್, ಹಂತ 1 ನೋಡಿ) ಲಾಗಿನ್, ಎಚ್ಚರಿಕೆ ಕಳಿಸಲು ಕೆಲಸ ಮಾಡುವ ಒಂದು ಇಮೇಲ್ ಅಥವಾ ಮೆಸೇಜ್ ದಾರಿ. ಪ್ಯಾಕೇಜ್‌ಗಳು: ಐಪಿಎಂಐಟೂಲ್, ಫ್ರೀಐಪಿಎಂಐ, ರಾಸ್‌ಡೀಮನ್, ಸ್ಮಾರ್ಟ್‌ಮಾನ್‌ಟೂಲ್ಸ್. ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕ್‌ಗಳನ್ನು ಲಿನಕ್ಸ್ ಒಂದಾಗಿ ಜೋಡಿಸಿ ನಡೆಸುವ ವ್ಯವಸ್ಥೆ) ಇದ್ದರೆ ಅದನ್ನು ನೋಡಿಕೊಳ್ಳುವ ಎಂಡಿಎಡಿಎಂ ಹೇಗೂ ಇರುತ್ತದೆ.

ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಆಯ್ಕೆಗಳ ಮುಂದಿನ ಗೆರೆಗಳನ್ನು ಸರಿಯಾಗಿ ಹಾಕಲು ಆಯಾ ಟೂಲ್‌ನ ಮ್ಯಾನ್ ಪೇಜ್ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಹಂತ 1: ಬಿಎಂಸಿ ಜೊತೆ ಮಾತು ಶುರು ಮಾಡಿ

ಬಿಎಂಸಿ ಅಂದರೆ ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್. ಮದರ್‌ಬೋರ್ಡ್ ಮೇಲೆ ಕೂತಿರುವ ಪುಟ್ಟ ಬೇರೆ ಕಂಪ್ಯೂಟರ್ ಇದು. ಇದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ಫರ್ಮ್‌ವೇರ್, ಹೆಚ್ಚಾಗಿ ತನ್ನದೇ ನೆಟ್‌ವರ್ಕ್ ಪೋರ್ಟ್ ಇರುತ್ತದೆ. ಸರ್ವರ್ ಆಫ್ ಆಗಿದ್ದರೂ ಕರೆಂಟ್ ಇರುವ ತನಕ ಇದು ಎಚ್ಚರವಾಗಿರುತ್ತದೆ. ಡೆಲ್‌ನವರು ಇದನ್ನು ಐಡ್ರಾಕ್ ಅನ್ನುತ್ತಾರೆ, ಎಚ್‌ಪಿಇಯವರು ಐಲೋ ಅನ್ನುತ್ತಾರೆ. ಕೆಲಸ ಒಂದೇ.

ಅದರ ಜೊತೆ ಮಾತಾಡುವ ಹಳೆಯ ಭಾಷೆ ಐಪಿಎಂಐ. 1998ರಲ್ಲಿ ಬಂತು, 2.0 ಆವೃತ್ತಿ 2004ರದ್ದು. ಹೊಸ ಭಾಷೆ ರೆಡ್‌ಫಿಶ್. ಡಿಎಂಟಿಎಫ್ ಎಂಬ ಮಾನಕ ಸಂಸ್ಥೆ 2015ರಲ್ಲಿ ಬಿಡುಗಡೆ ಮಾಡಿತು. ಎಚ್‌ಟಿಟಿಪಿಎಸ್ ಮೇಲೆ ಜೇಸನ್ ರೂಪದಲ್ಲಿ ಉತ್ತರ ಕೊಡುತ್ತದೆ. ಹೊಸ ಸರ್ವರ್‌ಗಳಲ್ಲಿ ಎರಡೂ ಇರುತ್ತವೆ. ಕಲಿಯಲು ಐಪಿಎಂಐನಿಂದ ಶುರು ಮಾಡುವುದು ಸುಲಭ, ಯಾಕೆಂದರೆ ಸರ್ವರ್ ಒಳಗಿನಿಂದಲೇ ಪಾಸ್‌ವರ್ಡ್ ಇಲ್ಲದೆ ಕೇಳಬಹುದು.

ಮೊದಲು ಐಪಿಎಂಐ ಎಸ್‌ಐ, ಐಪಿಎಂಐ ಡೆವ್‌ಇಂಟ್‌ಎಫ್ ಎಂಬ ಎರಡು ಕರ್ನೆಲ್ ಮಾಡ್ಯೂಲ್‌ಗಳನ್ನು ಲೋಡ್ ಮಾಡಿ. ಡೆವ್ ಫೋಲ್ಡರ್‌ನಲ್ಲಿ ಐಪಿಎಂಐ0 ಎಂಬ ಸಾಧನ ಕಾಣಿಸಿದರೆ ದಾರಿ ತೆರೆದಿದೆ. ಆಮೇಲೆ "ಐಪಿಎಂಐಟೂಲ್ ಎಂಸಿ ಇನ್ಫೋ" ಕೊಡಿ. ಫರ್ಮ್‌ವೇರ್ ಆವೃತ್ತಿ, ತಯಾರಕರ ಹೆಸರು ಬಂದರೆ ಬಿಎಂಸಿ ಆರೋಗ್ಯವಾಗಿದೆ.

ಇಲ್ಲಿ ಒಂದು ಗಂಭೀರ ಎಚ್ಚರಿಕೆ. ಬಿಎಂಸಿಯ ಪೋರ್ಟನ್ನು ಯಾವ ಕಾರಣಕ್ಕೂ ಇಂಟರ್ನೆಟ್‌ಗೆ ತೆರೆಯಬೇಡಿ. ಐಪಿಎಂಐ 2.0ರ ವಿನ್ಯಾಸದಲ್ಲೇ ಒಂದು ದೌರ್ಬಲ್ಯ ಇದೆ. ಲಾಗಿನ್ ಮುಗಿಯುವ ಮೊದಲೇ, ಕೇಳಿದವರಿಗೆ ಅದು ಪಾಸ್‌ವರ್ಡ್‌ನ ಹ್ಯಾಶ್ (ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿದ ಗುರುತು) ಕೊಟ್ಟುಬಿಡುತ್ತದೆ. ಇದು ಪ್ಯಾಚ್ ಮಾಡಿ ಸರಿಪಡಿಸುವ ತಪ್ಪಲ್ಲ, ಮಾನಕದ ಭಾಗವೇ. ಹಾಗಾಗಿ ಬಿಎಂಸಿಗಳಿಗೆ ಬೇರೆಯೇ ನೆಟ್‌ವರ್ಕ್ ಇರಲಿ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಾಗಲಿ. ದೂರದಿಂದ ನೋಡುವ ಸಾಫ್ಟ್‌ವೇರ್‌ಗೆ ಬರೀ ಓದುವ ಹಕ್ಕಿನ ಬೇರೆ ಬಳಕೆದಾರ ಸಾಕು. ಯುಡಿಪಿ 623ನೇ ಪೋರ್ಟ್ ನಿಮ್ಮ ಫೈರ್‌ವಾಲ್ ದಾಟಿ ಹೊರಗೆ ಕಾಣುತ್ತಿದೆಯಾ ಅಂತ ಇವತ್ತೇ ನೋಡಿ.

ಹಂತ 2: ಎಸ್‌ಇಎಲ್ ಓದಿ, ಕಾಪಾಡಿ

ಸಿಸ್ಟಮ್ ಇವೆಂಟ್ ಲಾಗ್, ಅಂದರೆ ಎಸ್‌ಇಎಲ್, ಬಿಎಂಸಿಯ ದಿನಚರಿ. ರಾತ್ರಿ ತಾನಾಗಿ ರೀಸ್ಟಾರ್ಟ್ ಆದ ಸರ್ವರ್‌ನ ಕಾರಣ ಸಿಕ್ಕರೆ ಇಲ್ಲೇ ಸಿಗುವ ಸಾಧ್ಯತೆ ಜಾಸ್ತಿ. ಯಾಕೆ ಗೊತ್ತಾ? ಕರೆಂಟ್ ಹೋದಾಗ ಅಥವಾ ಸಿಪಿಯು ನಿಂತಾಗ ಆಪರೇಟಿಂಗ್ ಸಿಸ್ಟಮ್‌ಗೆ ಬರೆಯಲು ಸಮಯವೇ ಇರುವುದಿಲ್ಲ. ಬಿಎಂಸಿಗೆ ಇರುತ್ತದೆ.

"ಐಪಿಎಂಐಟೂಲ್ ಎಸ್‌ಇಎಲ್ ಇಲಿಸ್ಟ್" ಕೊಟ್ಟರೆ ಸಾಲುಗಳು ಹೀಗೆ ಕಾಣುತ್ತವೆ: ಕ್ರಮಸಂಖ್ಯೆ, ದಿನಾಂಕ, ಸಮಯ, ಸೆನ್ಸರ್ ಹೆಸರು, ನಡೆದದ್ದು, ಕೊನೆಯಲ್ಲಿ ಅಸರ್ಟೆಡ್ ಅಥವಾ ಡೀಅಸರ್ಟೆಡ್. ಉದಾಹರಣೆಗೆ "ಪವರ್ ಸಪ್ಲೈ ಪಿಎಸ್2, ಪವರ್ ಸಪ್ಲೈ ಎಸಿ ಲಾಸ್ಟ್, ಅಸರ್ಟೆಡ್" ಅಂದರೆ ಎರಡನೇ ಪವರ್ ಸಪ್ಲೈಗೆ ಬರುವ ಕರೆಂಟ್ ನಿಂತಿದೆ. ಅಸರ್ಟೆಡ್ ಅಂದರೆ ಆ ಸ್ಥಿತಿ ಶುರುವಾಯಿತು, ಡೀಅಸರ್ಟೆಡ್ ಅಂದರೆ ಮುಗಿಯಿತು. ಅಸರ್ಟೆಡ್ ಇದ್ದು ಅದರ ಜೋಡಿ ಡೀಅಸರ್ಟೆಡ್ ಕಾಣದಿದ್ದರೆ ಆ ತೊಂದರೆ ಈಗಲೂ ಇರಬಹುದು. ಪಟ್ಟಿ ಓದುವಾಗ ಈ ಜೋಡಿಗಳನ್ನು ಹುಡುಕುವ ಅಭ್ಯಾಸ ಮಾಡಿಕೊಳ್ಳಿ.

ಈಗ ಜನ ಎಡವುವ ಎರಡು ಜಾಗ.

ಮೊದಲನೆಯದು, ಎಸ್‌ಇಎಲ್ ತುಂಬಿ ಹೋಗುವುದು. ಅದರ ಜಾಗ ತೀರ ಚಿಕ್ಕದು. ಕೆಲವು ಸರ್ವರ್‌ಗಳಲ್ಲಿ ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಇನ್ನು ಕೆಲವದರಲ್ಲಿ ಹೊಸದನ್ನು ಬರೆಯುವುದನ್ನೇ ನಿಲ್ಲಿಸುತ್ತದೆ. ಎರಡನೇ ಬಗೆಯಲ್ಲಿ ಹಳೆಯ ಕಸವೇ ತುಂಬಿಕೊಂಡು, ನಿಜವಾದ ದೋಷ ಬಂದಾಗ ದಾಖಲೆಯೇ ಇರುವುದಿಲ್ಲ. "ಐಪಿಎಂಐಟೂಲ್ ಎಸ್‌ಇಎಲ್ ಇನ್ಫೋ" ಕೊಟ್ಟು ಶೇಕಡಾ ಎಷ್ಟು ಬಳಕೆಯಾಗಿದೆ, ಓವರ್‌ಫ್ಲೋ ಆಗಿದೆಯಾ ಎಂದು ನೋಡಿ. ತುಂಬುತ್ತಾ ಬಂದಿದ್ದರೆ ಮೊದಲು ಫೈಲ್‌ಗೆ ಉಳಿಸಿ, ಆಮೇಲೆ ಕ್ಲಿಯರ್ ಮಾಡಿ. ಉಳಿಸದೆ ಕ್ಲಿಯರ್ ಮಾಡಬೇಡಿ. ವಾರಂಟಿಯಲ್ಲಿ ಬಿಡಿಭಾಗ ಬದಲಾಯಿಸಲು ಕೇಳುವಾಗ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೇ.

ಎರಡನೆಯದು, ಗಡಿಯಾರ. ಬಿಎಂಸಿಯ ಗಡಿಯಾರ ಬೇರೆ, ಆಪರೇಟಿಂಗ್ ಸಿಸ್ಟಮ್‌ನ ಗಡಿಯಾರ ಬೇರೆ. ಬಿಎಂಸಿ ಯುಟಿಸಿಯಲ್ಲಿದ್ದು ನೀವು ಸ್ಥಳೀಯ ಸಮಯದಲ್ಲಿ ಹುಡುಕಿದರೆ ಘಟನೆ ಸಿಗುವುದೇ ಇಲ್ಲ. 1970ರ ದಿನಾಂಕ ಅಥವಾ "ಪ್ರೀ ಇನಿಟ್" ಎಂಬ ಗುರುತು ಕಂಡರೆ, ಬಿಎಂಸಿಗೆ ಸಮಯ ಸಿಗುವ ಮೊದಲೇ ಆ ಘಟನೆ ನಡೆದಿದೆ ಎಂದರ್ಥ. ಬಿಎಂಸಿಯ ಸೆಟ್ಟಿಂಗ್‌ನಲ್ಲಿ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ) ಸರ್ವರ್ ಹಾಕಿ. ಅದು ಇಲ್ಲದಿದ್ದರೆ "ಎಸ್‌ಇಎಲ್ ಟೈಮ್ ಸೆಟ್" ಮಾಡಿ. ಎರಡು ಲಾಗ್‌ಗಳನ್ನು ಪಕ್ಕ ಪಕ್ಕ ಇಟ್ಟು ನೋಡುವಾಗ ಇದು ಗಂಟೆಗಟ್ಟಲೆ ತಲೆನೋವು ಉಳಿಸುತ್ತದೆ.

ಎಲ್ಲ ಸರಿಯಾದ ಮೇಲೆ ಇದನ್ನು ಕೈಯಿಂದ ಓದುವ ಕೆಲಸ ಬಿಡಿ. ಫ್ರೀಐಪಿಎಂಐನ ಜೊತೆ ಐಪಿಎಂಐ ಎಸ್‌ಇಎಲ್‌ಡಿ ಎಂಬ ಡೀಮನ್ ಬರುತ್ತದೆ. ಡೀಮನ್ ಅಂದರೆ ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ಪ್ರೋಗ್ರಾಂ. ಇದು ಎಸ್‌ಇಎಲ್ ಅನ್ನು ಆಗಾಗ ನೋಡಿ, ಹೊಸ ಸಾಲು ಬಂದರೆ ಸಿಸ್‌ಲಾಗ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ಸಾಮಾನ್ಯ ಲಾಗ್‌ಗೆ, ಬರೆಯುತ್ತದೆ.

ಹಂತ 3: ಸೆನ್ಸರ್‌ಗಳು

"ಐಪಿಎಂಐಟೂಲ್ ಎಸ್‌ಡಿಆರ್ ಇಲಿಸ್ಟ್" ಎಲ್ಲ ಸೆನ್ಸರ್‌ಗಳ ಈಗಿನ ಸ್ಥಿತಿ ತೋರಿಸುತ್ತದೆ: ಬಿಸಿ, ಫ್ಯಾನ್ ವೇಗ, ವೋಲ್ಟೇಜ್, ಪವರ್ ಸಪ್ಲೈ. ಬರೀ "ಸೆನ್ಸರ್" ಎಂದು ಕೊಟ್ಟರೆ ಮಿತಿಗಳೂ ಬರುತ್ತವೆ. ಮೇಲಕ್ಕೆ ಮೂರು, ಕೆಳಕ್ಕೆ ಮೂರು: ಎಚ್ಚರಿಕೆ, ಗಂಭೀರ, ಇನ್ನು ತಡೆಯಲಾಗದು. ಈ ಮಿತಿಗಳನ್ನು ತಯಾರಕರೇ ಹಾಕಿರುತ್ತಾರೆ. ಅವುಗಳನ್ನು ಬದಲಾಯಿಸಲು ಹೋಗಬೇಡಿ.

ಅಳತೆ ಇಲ್ಲದ ಸೆನ್ಸರ್ ಸಾಲುಗಳನ್ನು ಕಂಡು ಹೆದರಬೇಡಿ. ಖಾಲಿ ಇರುವ ಮೆಮೊರಿ ಸ್ಲಾಟ್, ಜೋಡಿಸದ ಫ್ಯಾನ್ ಎಲ್ಲ "ನೋ ರೀಡಿಂಗ್" ಎಂದೇ ತೋರಿಸುತ್ತವೆ. ಇಲ್ಲಿ ನಿಜವಾಗಿ ಕಣ್ಣಿಡಬೇಕಾದದ್ದು ಪವರ್ ಸಪ್ಲೈ. ಎರಡರಲ್ಲಿ ಒಂದು ಸತ್ತರೂ ಸರ್ವರ್ ಆರಾಮಾಗಿ ಓಡುತ್ತದೆ, ಯಾರಿಗೂ ತಿಳಿಯುವುದಿಲ್ಲ. ಎರಡನೆಯದೂ ಹೋದ ದಿನ ತಿಳಿಯುತ್ತದೆ. ಫ್ಯಾನ್ ಕಥೆಯೂ ಇದೇ.

ಹಂತ 4: ಮೆಮೊರಿ ಮತ್ತು ಸಿಪಿಯು ದೋಷಗಳಿಗೆ ರಾಸ್‌ಡೀಮನ್

ಸರ್ವರ್‌ಗಳಲ್ಲಿ ಇಸಿಸಿ ಮೆಮೊರಿ ಇರುತ್ತದೆ. ಡೇಟಾ ಜೊತೆ ಕೆಲವು ಹೆಚ್ಚುವರಿ ಬಿಟ್‌ಗಳನ್ನು ಇಟ್ಟುಕೊಂಡು, ಒಂದು ಬಿಟ್ ತಪ್ಪಾದರೆ ಸರಿಪಡಿಸುತ್ತದೆ, ಎರಡು ತಪ್ಪಾದರೆ ಪತ್ತೆ ಹಚ್ಚುತ್ತದೆ. ಸರಿಹೋದ ತಪ್ಪಿಗೆ ಸಿಇ ಎನ್ನುತ್ತಾರೆ, ಸರಿಪಡಿಸಲಾಗದ ತಪ್ಪಿಗೆ ಯುಇ. ಸಿಇ ಬಂದರೆ ಪ್ರೋಗ್ರಾಂಗಳಿಗೆ ಗೊತ್ತೇ ಆಗುವುದಿಲ್ಲ. ಯುಇ ಬಂದರೆ ಪ್ರೋಗ್ರಾಂ ಸಾಯಬಹುದು, ಇಡೀ ಸರ್ವರ್ ನಿಲ್ಲಬಹುದು.

ಸಿಇಗಳನ್ನು "ಸರಿಹೋಯಿತಲ್ಲ, ಬಿಡು" ಅಂತ ಕಡೆಗಣಿಸಬೇಡಿ. ಗೂಗಲ್‌ನ ಸರ್ವರ್‌ಗಳ ಮೇಲೆ ನಡೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ವರ್ಷಕ್ಕೆ 8%ಗೂ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ (ಸ್ಲಾಟ್‌ಗೆ ಹಾಕುವ ಮೆಮೊರಿ ಬೋರ್ಡ್‌ಗಳಲ್ಲಿ) ಸರಿಹೋಗುವ ತಪ್ಪುಗಳು ಕಂಡಿದ್ದವು. ಸಿಇ ಕಂಡ ಪಟ್ಟಿಯಲ್ಲಿ ಯುಇ ಬರುವ ಸಾಧ್ಯತೆ ಹಲವು ಪಟ್ಟು ಜಾಸ್ತಿ ಎಂಬುದೂ ಅದರಲ್ಲೇ ಕಂಡುಬಂತು. ಅಂದರೆ ಸಿಇ ನಿಮಗೆ ಸಿಗುವ ಮುನ್ಸೂಚನೆ.

ಕರ್ನೆಲ್‌ನಲ್ಲಿ ಇಡಾಕ್ ಎಂಬ ಭಾಗ ಈ ತಪ್ಪುಗಳನ್ನು ಎಣಿಸುತ್ತದೆ. ರಾಸ್‌ಡೀಮನ್ ಆ ಘಟನೆಗಳನ್ನು ಹಿಡಿದು ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಕೂಡಿಡುತ್ತದೆ. ರೀಬೂಟ್ ಆದರೆ ಕರ್ನೆಲ್‌ನ ಎಣಿಕೆ ಸೊನ್ನೆಗೆ ಬರುತ್ತದೆ, ಡೇಟಾಬೇಸ್ ಉಳಿಯುತ್ತದೆ. ಹಳೆಯ ಲೇಖನಗಳಲ್ಲಿ ಎಂಸಿಇಲಾಗ್ ಹಾಕಿ ಎಂದಿರುತ್ತದೆ. ಈಗ ಅದರ ಜಾಗಕ್ಕೆ ಬಂದಿರುವುದು ರಾಸ್‌ಡೀಮನ್.

ಮಾಡಬೇಕಾದದ್ದು:

1. ರಾಸ್‌ಡೀಮನ್ ಇನ್‌ಸ್ಟಾಲ್ ಮಾಡಿ. ಸಿಸ್ಟಮ್‌ಕಂಟ್ರೋಲ್ ಮೂಲಕ ಅದನ್ನು ಎನೇಬಲ್ ಮಾಡಿ ಶುರು ಮಾಡಿ.
2. "ರಾಸ್ ಎಂಸಿ ಸಿಟಿಎಲ್" ಕಮಾಂಡ್‌ಗೆ "ಸ್ಟೇಟಸ್" ಆಯ್ಕೆ ಕೊಡಿ. ಡ್ರೈವರ್‌ಗಳು ಲೋಡ್ ಆಗಿವೆ ಎನ್ನಬೇಕು. ಇಲ್ಲ ಎಂದರೆ ನಿಮ್ಮ ಪ್ರೊಸೆಸರ್‌ಗೆ ತಕ್ಕ ಇಡಾಕ್ ಡ್ರೈವರ್ ಬಂದಿಲ್ಲ ಎಂದರ್ಥ. ಆಗ ಮುಂದಿನ ಎಣಿಕೆಗೆ ಬೆಲೆ ಇಲ್ಲ.
3. "ಸಮ್ಮರಿ" ಆಯ್ಕೆ ಒಟ್ಟು ಲೆಕ್ಕ ಕೊಡುತ್ತದೆ. "ಎರರ್ಸ್" ಆಯ್ಕೆ ಒಂದೊಂದನ್ನೂ ಬಿಡಿಸಿ ತೋರಿಸುತ್ತದೆ. ಪಿಸಿಐಇ ಬಸ್‌ನ (ಕಾರ್ಡ್‌ಗಳನ್ನು ಮದರ್‌ಬೋರ್ಡ್‌ಗೆ ಸೇರಿಸುವ ದಾರಿ) ದೋಷಗಳೂ ಇಲ್ಲೇ ಬರುತ್ತವೆ. ನೆಟ್‌ವರ್ಕ್ ಕಾರ್ಡ್ ಆಗಾಗ ಮಾಯವಾಗುವ ತೊಂದರೆ ಇದ್ದರೆ ಇಲ್ಲಿ ನೋಡಿ.
4. ಯಾವ ಪಟ್ಟಿ ಯಾವ ಸ್ಲಾಟ್‌ನಲ್ಲಿದೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಕರ್ನೆಲ್ "ಎಂಸಿ0, ಚಾನೆಲ್ 1, ಸ್ಲಾಟ್ 0" ಎನ್ನುತ್ತದೆ, ಬೋರ್ಡ್ ಮೇಲೆ ಬೇರೆ ಹೆಸರು ಅಚ್ಚಾಗಿರುತ್ತದೆ. ಎರಡನ್ನೂ ಹೊಂದಿಸದಿದ್ದರೆ ಒಳ್ಳೆಯ ಪಟ್ಟಿಯನ್ನು ಕಿತ್ತು ಕೆಟ್ಟದ್ದನ್ನು ಒಳಗೇ ಬಿಡುತ್ತೀರಿ.

ಈಗ ಬಹಳ ಜನರಿಗೆ ಗೊತ್ತಿಲ್ಲದ ಮಾತು. ಅನೇಕ ದೊಡ್ಡ ಸರ್ವರ್‌ಗಳಲ್ಲಿ ಮೆಮೊರಿ ದೋಷ ಮೊದಲು ಫರ್ಮ್‌ವೇರ್ ಕೈಗೆ ಹೋಗುತ್ತದೆ. ಇದಕ್ಕೆ ಫರ್ಮ್‌ವೇರ್ ಫಸ್ಟ್ ಎನ್ನುತ್ತಾರೆ. ತಪ್ಪುಗಳು ಒಂದು ಮಿತಿ ದಾಟಿದ ಮೇಲಷ್ಟೇ ಅದು ಎಸ್‌ಇಎಲ್‌ಗೆ ಬರೆಯುತ್ತದೆ. ಆಪರೇಟಿಂಗ್ ಸಿಸ್ಟಮ್‌ಗೆ ಕೆಲವೊಮ್ಮೆ ಹೇಳುತ್ತದೆ, ಕೆಲವೊಮ್ಮೆ ಹೇಳುವುದೇ ಇಲ್ಲ. ಹಾಗಾಗಿ ರಾಸ್‌ಡೀಮನ್ ಸೊನ್ನೆ ತೋರಿಸುತ್ತಾ ಇರಬಹುದು, ಎಸ್‌ಇಎಲ್‌ನಲ್ಲಿ "ಕರೆಕ್ಟಬಲ್ ಇಸಿಸಿ" ಸಾಲುಗಳು ಇರಬಹುದು. ಇದರ ಉಲ್ಟಾ ಕೂಡ ಆಗುತ್ತದೆ. ಎರಡರಲ್ಲಿ ಒಂದನ್ನೇ ಹಾಕಿ ನಿಶ್ಚಿಂತೆಯಿಂದ ಇರಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಡಿಡಿಆರ್5 ಮೆಮೊರಿ ಬಗ್ಗೆಯೂ ಒಂದು ಮಾತು. ಅದರ ಚಿಪ್ ಒಳಗೇ ಒಂದು ಇಸಿಸಿ ಇರುತ್ತದೆ. ಅದು ಸದ್ದಿಲ್ಲದೆ ಸರಿಪಡಿಸಿಕೊಳ್ಳುತ್ತದೆ, ಕರ್ನೆಲ್‌ಗೆ ಸುದ್ದಿ ಕೊಡುವುದಿಲ್ಲ. ಅದನ್ನೇ ಸರ್ವರ್ ಮಟ್ಟದ ಇಸಿಸಿ ಎಂದುಕೊಳ್ಳಬೇಡಿ.

ಹಂತ 5: ಡಿಸ್ಕ್‌ಗಳು

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಎಂಬ ವ್ಯವಸ್ಥೆಯಲ್ಲಿ ಇಟ್ಟುಕೊಳ್ಳುತ್ತದೆ. "ಸ್ಮಾರ್ಟ್‌ಸಿಟಿಎಲ್" ಅದನ್ನು ಓದುತ್ತದೆ, "ಸ್ಮಾರ್ಟ್‌ಡಿ" ಎಂಬ ಡೀಮನ್ ಸದಾ ಗಮನಿಸುತ್ತದೆ. ಮೊದಲೇ ಇರುವ ಸೆಟ್ಟಿಂಗ್‌ನಲ್ಲಿ ಅರ್ಧ ಗಂಟೆಗೊಮ್ಮೆ ನೋಡುತ್ತದೆ, ಅಷ್ಟು ಸಾಕು.

"ಪಾಸ್ಡ್" ಎಂಬ ಒಂದೇ ಪದ ನೋಡಿ ಸಮಾಧಾನ ಪಡಬೇಡಿ. ಸಾಯುವ ಸ್ಥಿತಿಯಲ್ಲಿರುವ ಡಿಸ್ಕ್ ಕೂಡ ಪಾಸ್ಡ್ ಎನ್ನುತ್ತದೆ. ತಿರುಗುವ ಸಾಟಾ ಡಿಸ್ಕ್‌ನಲ್ಲಿ 5, 187, 197, 198ನೇ ಲೆಕ್ಕಗಳ ಕಚ್ಚಾ ಸಂಖ್ಯೆ ನೋಡಿ. ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್, ಸರಿಪಡಿಸಲಾಗದ ಓದು, ಇನ್ನೂ ಅನುಮಾನದಲ್ಲಿರುವ ಸೆಕ್ಟರ್ ಇವೆಲ್ಲ ಅಲ್ಲಿರುತ್ತವೆ. ಸಂಖ್ಯೆ ಎಷ್ಟಿದೆ ಅನ್ನುವುದಕ್ಕಿಂತ ಏರುತ್ತಿದೆಯಾ ಅನ್ನುವುದು ಮುಖ್ಯ. 199 ಏರಿದರೆ ಡಿಸ್ಕ್ ಬದಲಾಯಿಸುವ ಮೊದಲು ಕೇಬಲ್ ನೋಡಿ. ಎನ್‌ವಿಎಂಇ (ತಿರುಗುವ ಭಾಗವಿಲ್ಲದ ವೇಗದ ಎಸ್‌ಎಸ್‌ಡಿ) ಆದರೆ ಕ್ರಿಟಿಕಲ್ ವಾರ್ನಿಂಗ್, ಅವೈಲಬಲ್ ಸ್ಪೇರ್, ಮೀಡಿಯಾ ಎರರ್ ಈ ಮೂರು.

ಆದರೂ ಸ್ಮಾರ್ಟ್ ಅನ್ನು ಪೂರ್ತಿ ನಂಬಬೇಡಿ. ಗೂಗಲ್ 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿತು. ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕೂ ಹೆಚ್ಚಿನವು ನಾಲ್ಕು ಬಲವಾದ ಸೂಚನೆಗಳಲ್ಲಿ ಒಂದನ್ನೂ ತೋರಿಸದೆ ಕೆಟ್ಟಿದ್ದವು. ಸ್ಮಾರ್ಟ್ ಎಚ್ಚರಿಸಿದರೆ ನಂಬಿ, ಸುಮ್ಮನಿದ್ದರೆ ನಂಬಬೇಡಿ. ಬ್ಯಾಕಪ್‌ಗೆ ಇದು ಬದಲಿ ಅಲ್ಲವೇ ಅಲ್ಲ.

ರೇಡ್ ಇದ್ದವರು ಎಚ್ಚರ. ಹಾರ್ಡ್‌ವೇರ್ ರೇಡ್ ಕಂಟ್ರೋಲರ್ ಹಿಂದಿರುವ ಡಿಸ್ಕ್‌ಗಳು ನೇರವಾಗಿ ಕಾಣುವುದಿಲ್ಲ. ಸ್ಮಾರ್ಟ್‌ಡಿ ತಾನಾಗಿ ಹುಡುಕುವ ಸೆಟ್ಟಿಂಗ್ ಅವುಗಳನ್ನು ಬಿಟ್ಟುಬಿಡಬಹುದು. ಕಂಟ್ರೋಲರ್‌ನ ಬಗೆಯನ್ನು ಡಿ ಆಯ್ಕೆಯಲ್ಲಿ ಹೇಳಬೇಕು, ಉದಾಹರಣೆಗೆ ಮೆಗಾರೇಡ್, ಜೊತೆಗೆ ಡಿಸ್ಕ್‌ನ ಸಂಖ್ಯೆ. ಅರೇ (ರೇಡ್‌ನ ಡಿಸ್ಕ್ ಗುಂಪು) ಪೂರ್ತಿ ಚೆನ್ನಾಗಿದೆಯಾ ಎಂದು ತಿಳಿಯಲು ಕಂಟ್ರೋಲರ್‌ನ ಸ್ವಂತ ಟೂಲ್ ಬೇಕು, ಸ್ಟೋರ್‌ಸಿಎಲ್‌ಐ ಥರದ್ದು. ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ ಆದರೆ ಎಂಡಿಎಡಿಎಂನ ಮಾನಿಟರ್ ಸೇವೆ ಓಡುತ್ತಿರಬೇಕು, ಅದರ ಕಾನ್ಫಿಗ್ ಫೈಲ್‌ನಲ್ಲಿ ಮೇಲ್ ವಿಳಾಸ ಇರಬೇಕು. ಪ್ರಾಕ್ ಫೋಲ್ಡರ್‌ನ ಎಂಡಿಸ್ಟ್ಯಾಟ್ ಫೈಲ್ ತೆರೆದು ನೋಡಿ. ಎರಡು ಯು ಅಕ್ಷರ ಇರಬೇಕಾದ ಕಡೆ ಒಂದು ಯು, ಒಂದು ಅಡಿಗೆರೆ ಕಂಡರೆ ನಿಮ್ಮ ರೇಡ್ ಆಗಲೇ ಒಂಟಿ ಡಿಸ್ಕ್ ಮೇಲೆ ನಿಂತಿದೆ.

ಹಂತ 6: ಎಲ್ಲವನ್ನೂ ಒಂದೇ ಕಡೆ ತನ್ನಿ

ಸುದ್ದಿ ಎರಡು ರೀತಿಯಲ್ಲಿ ಬರುತ್ತದೆ. ಒಂದು, ನೀವು ಆಗಾಗ ಹೋಗಿ ಕೇಳುವುದು. ಇನ್ನೊಂದು, ಸರ್ವರ್ ತಾನೇ ಕಳಿಸುವುದು. ಎರಡೂ ಇರಲಿ.

ಕೇಳುವುದಕ್ಕೆ ಪ್ರೊಮಿಥಿಯಸ್ (ಸರ್ವರ್‌ಗಳ ಅಂಕಿ ಸಂಗ್ರಹಿಸಿ ಎಚ್ಚರಿಸುವ ಸಾಫ್ಟ್‌ವೇರ್) ಬಳಸುವವರಿಗೆ ದಾರಿ ಸುಲಭ. ಅದಕ್ಕೆ ಅಂಕಿ ತಂದುಕೊಡುವ ಪುಟ್ಟ ಪ್ರೋಗ್ರಾಂಗಳಿಗೆ ಎಕ್ಸ್‌ಪೋರ್ಟರ್ ಎನ್ನುತ್ತಾರೆ. ನೋಡ್ ಎಕ್ಸ್‌ಪೋರ್ಟರ್ ಇಡಾಕ್ ಎಣಿಕೆ, ಬಿಸಿ, ಎಂಡಿ ರೇಡ್ ಸ್ಥಿತಿ ಇಷ್ಟನ್ನೂ ಕೊಡುತ್ತದೆ. ಐಪಿಎಂಐ ಎಕ್ಸ್‌ಪೋರ್ಟರ್ ಬಿಎಂಸಿಯಿಂದ ತರುತ್ತದೆ, ಒಳಗೊಳಗೆ ಅದು ಫ್ರೀಐಪಿಎಂಐ ಅನ್ನೇ ಬಳಸುತ್ತದೆ. ಸ್ಮಾರ್ಟ್‌ಸಿಟಿಎಲ್ ಎಕ್ಸ್‌ಪೋರ್ಟರ್ ಡಿಸ್ಕ್‌ಗಳದ್ದು. ಅದೇ ಥರದ ಇನ್ನೊಂದು ಸಾಫ್ಟ್‌ವೇರ್ ಜ್ಯಾಬಿಕ್ಸ್‌ನಲ್ಲಿ ಐಪಿಎಂಐ ಬೆಂಬಲ ಮೊದಲೇ ಇದೆ. ಬಿಎಂಸಿ ನಿಧಾನದ ಪ್ರಾಣಿ ಎಂಬುದು ನೆನಪಿರಲಿ. ಕೆಲವು ಸೆಕೆಂಡಿಗೊಮ್ಮೆ ಎರಡು ಮೂರು ಟೂಲ್‌ಗಳು ಒಟ್ಟಿಗೆ ಕೇಳಿದರೆ ಅದು ಉತ್ತರ ಕೊಡುವುದನ್ನೇ ನಿಲ್ಲಿಸಬಹುದು. ನಿಮಿಷಕ್ಕೊಮ್ಮೆ, ಒಂದೇ ಟೂಲ್ ಕೇಳಲಿ.

ತಾನಾಗಿ ಕಳಿಸುವುದಕ್ಕೆ ಎಸ್‌ಎನ್‌ಎಂಪಿ ಟ್ರ್ಯಾಪ್ (ನೆಟ್‌ವರ್ಕ್ ಮೇಲೆ ಕಳಿಸುವ ಚಿಕ್ಕ ಎಚ್ಚರಿಕೆ ಸಂದೇಶ) ಇದೆ, ಹೊಸ ಸರ್ವರ್‌ಗಳಲ್ಲಿ ರೆಡ್‌ಫಿಶ್‌ನ ಇವೆಂಟ್ ಸರ್ವಿಸ್ ಇದೆ. ನಿಮ್ಮ ವಿಳಾಸವನ್ನು ಅಲ್ಲಿ ಚಂದಾ ಮಾಡಿದರೆ ಘಟನೆ ನಡೆದ ಕೂಡಲೇ ಅಲ್ಲಿಗೆ ಬರುತ್ತದೆ. ಟ್ರ್ಯಾಪ್ ಯುಡಿಪಿ ಮೇಲೆ ಹೋಗುವುದರಿಂದ ದಾರಿಯಲ್ಲಿ ಕಳೆದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಸಿಸ್‌ಲಾಗ್ ಅನ್ನು ಬೇರೆ ಯಂತ್ರಕ್ಕೂ ಕಳಿಸಿ. ಕೆಟ್ಟ ಡಿಸ್ಕ್‌ನ ಸುದ್ದಿ ಆ ಕೆಟ್ಟ ಡಿಸ್ಕ್‌ನಲ್ಲೇ ಇದ್ದರೆ ಏನು ಉಪಯೋಗ, ಅಲ್ವಾ?

ಹಂತ 7: ಯಾವುದಕ್ಕೆ ಗಂಟೆ ಬಾರಿಸಬೇಕು?

ಎಲ್ಲದಕ್ಕೂ ಎಚ್ಚರಿಕೆ ಇಟ್ಟರೆ ವಾರದೊಳಗೆ ಯಾರೂ ನೋಡುವುದಿಲ್ಲ. ನಾನು ಹೀಗೆ ವಿಂಗಡಿಸುತ್ತೇನೆ. ರಾತ್ರಿ ಎಬ್ಬಿಸಬೇಕಾದದ್ದು: ಯುಇ, ಬಿಸಿ ಗಂಭೀರ ಮಿತಿ ದಾಟುವುದು, ರೇಡ್‌ನಲ್ಲಿ ಇನ್ನೊಂದು ಡಿಸ್ಕ್ ಹೋದರೆ ಡೇಟಾ ಹೋಗುವ ಸ್ಥಿತಿ. ಬೆಳಗ್ಗೆ ನೋಡಬಹುದಾದದ್ದು: ಒಂದು ಪವರ್ ಸಪ್ಲೈ ಅಥವಾ ಫ್ಯಾನ್ ಹೋಗುವುದು, ಅದೇ ಪಟ್ಟಿಯಲ್ಲಿ ದಿನದಿನಕ್ಕೂ ಏರುವ ಸಿಇ, ಏರುತ್ತಿರುವ ಸೆಕ್ಟರ್ ಲೆಕ್ಕ, ಎಸ್‌ಇಎಲ್ 75% ದಾಟುವುದು. ಎಂದೋ ಒಮ್ಮೆ ಬಂದ ಒಂಟಿ ಸಿಇಗೆ ಸುಮ್ನೆ ದಾಖಲೆ ಸಾಕು.

ಇನ್ನೊಂದು ನಿಯಮ ಬಿಡಲೇಬೇಡಿ: ಸುದ್ದಿ ಬರುವುದು ನಿಂತರೂ ಎಚ್ಚರಿಕೆ ಬರಬೇಕು. ಬಿಎಂಸಿ ಹ್ಯಾಂಗ್ ಆದರೆ ಗ್ರಾಫ್ ಖಾಲಿಯಾಗುತ್ತದೆ, ಕೆಂಪಾಗುವುದಿಲ್ಲ. ಪ್ರೊಮಿಥಿಯಸ್‌ನಲ್ಲಿ "ಅಪ್" ಲೆಕ್ಕ ಮತ್ತು "ಆಬ್ಸೆಂಟ್" ಫಂಕ್ಷನ್ ಇರುವುದೇ ಇದಕ್ಕೆ. ಹ್ಯಾಂಗ್ ಆದ ಬಿಎಂಸಿಯನ್ನು "ಐಪಿಎಂಐಟೂಲ್ ಎಂಸಿ ರೀಸೆಟ್ ಕೋಲ್ಡ್" ಎಬ್ಬಿಸುತ್ತದೆ. ಓಡುತ್ತಿರುವ ಆಪರೇಟಿಂಗ್ ಸಿಸ್ಟಮ್ ನಿಲ್ಲುವುದಿಲ್ಲ. ಫ್ಯಾನ್‌ಗಳು ಸ್ವಲ್ಪ ಹೊತ್ತು ಜೋರಾಗಿ ತಿರುಗಬಹುದು.

ಹಂತ 8: ಪರೀಕ್ಷೆ ಮಾಡಿ

ಹೆಚ್ಚಿನವರು ಈ ಹಂತ ಬಿಡುತ್ತಾರೆ. ಡೀಮನ್ ಓಡುತ್ತಿರುತ್ತದೆ, ಮೇಲ್ ಮಾತ್ರ ಎಂದೂ ಹೊರಗೆ ಹೋಗಿರುವುದಿಲ್ಲ. ಪರೀಕ್ಷೆ ಹೀಗೆ:

1. "ಐಪಿಎಂಐಟೂಲ್ ಇವೆಂಟ್ 3" ಕೊಡಿ. ಸುಳ್ಳು "ಕರೆಕ್ಟಬಲ್ ಇಸಿಸಿ" ಘಟನೆಯೊಂದು ಎಸ್‌ಇಎಲ್‌ಗೆ ಹೋಗುತ್ತದೆ. ಅದು ನಿಮ್ಮ ಫೋನಿಗೆ ಬಂತಾ ನೋಡಿ. 1 ಎಂಬ ಸಂಖ್ಯೆ ಕೊಡಬೇಡಿ. ಅದು ಅತಿ ಬಿಸಿಯ ಘಟನೆ. ಬಿಸಿಯಾದರೆ ಆಫ್ ಮಾಡು ಎಂಬ ನಿಯಮ ಬಿಎಂಸಿಯಲ್ಲಿದ್ದರೆ ಸರ್ವರ್ ನಿಜವಾಗಿಯೂ ಆಫ್ ಆಗಬಹುದು.
2. ಸ್ಮಾರ್ಟ್‌ಡಿ ಕಾನ್ಫಿಗ್ ಸಾಲಿನಲ್ಲಿ ದೊಡ್ಡ ಎಂ ಆಯ್ಕೆಗೆ "ಟೆಸ್ಟ್" ಸೇರಿಸಿ ರೀಸ್ಟಾರ್ಟ್ ಮಾಡಿ. ಡಿಸ್ಕ್‌ಗೊಂದು ಮೇಲ್ ಬರಬೇಕು. ಮೇಲ್‌ಗಳ ಸಂಖ್ಯೆ ಡಿಸ್ಕ್‌ಗಳ ಸಂಖ್ಯೆಗಿಂತ ಕಡಿಮೆ ಇದ್ದರೆ ಯಾವುದೋ ಡಿಸ್ಕ್ ಬಿಟ್ಟುಹೋಗಿದೆ. ನೋಡಿದ ಮೇಲೆ ಆ ಪದ ತೆಗೆಯಿರಿ.
3. ಎಂಡಿಎಡಿಎಂಗೆ ಮಾನಿಟರ್, ಸ್ಕ್ಯಾನ್, ಒನ್‌ಶಾಟ್, ಟೆಸ್ಟ್ ಎಂಬ ನಾಲ್ಕು ಆಯ್ಕೆ ಒಟ್ಟಿಗೆ ಕೊಡಿ. ಅರೇಗೊಂದು ಮೇಲ್ ಬರಬೇಕು.
4. ಎರಡೂ ಪವರ್ ಸಪ್ಲೈ ಸರಿಯಾಗಿವೆ ಎಂದು ಸೆನ್ಸರ್‌ನಲ್ಲಿ ಖಚಿತ ಮಾಡಿಕೊಂಡು, ಕೆಲಸ ಕಡಿಮೆ ಇರುವ ಹೊತ್ತಿನಲ್ಲಿ ಒಂದರ ಕೇಬಲ್ ಕಿತ್ತು ನೋಡಿ. ಎಚ್ಚರಿಕೆ ಬಂದ ಮೇಲೆ ಮತ್ತೆ ಹಾಕಿ, ಡೀಅಸರ್ಟೆಡ್ ಸಾಲು ಬಂತಾ ನೋಡಿ.

ಮೂರು ತಿಂಗಳಿಗೊಮ್ಮೆ ಇದನ್ನು ಮತ್ತೆ ಮಾಡಿ. ಮದರ್‌ಬೋರ್ಡ್ ಬದಲಾದ ದಿನ, ಬಿಎಂಸಿ ಫರ್ಮ್‌ವೇರ್ ಅಪ್‌ಡೇಟ್ ಆದ ದಿನ ಕಾಯದೆ ಮಾಡಿ. ಟ್ರ್ಯಾಪ್ ವಿಳಾಸ, ರೆಡ್‌ಫಿಶ್ ಚಂದಾ, ಎನ್‌ಟಿಪಿ, ಬಳಕೆದಾರರ ಪಟ್ಟಿ ಎಲ್ಲ ಕಾರ್ಖಾನೆಯ ಸ್ಥಿತಿಗೆ ಹೋಗಿರುವ ಸಾಧ್ಯತೆ ಆಗಲೇ ಜಾಸ್ತಿ.